ಹಾಲು, ಮೊಟ್ಟೆ ಇಲ್ಲದ ಹಣ್ಣಿನ ಮಫಿನ್ ನಡುವೆ ಕುಸಿದು ತಳದಲ್ಲಿ ಅಂಟಾಗುವುದೇಕೆ?

ಪ್ರಶ್ನೆ: ಮಾಳಮಡ್ಡಿಯ ಅಡುಗೆಮನೆ, ಧಾರವಾಡ

ಬಲ್ಲವರೆಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗಳಿಗೆ ಈಗ ಏಳು ವರ್ಷ. ಹಾಲಿನ ಪ್ರೋಟೀನ್ ಮತ್ತು ಮೊಟ್ಟೆ ಎರಡೂ ಅವಳ ಮೈಗೆ ಒಗ್ಗುವುದಿಲ್ಲವೆಂದು ವೈದ್ಯರು ಪರೀಕ್ಷೆ ಮಾಡಿ ಹೇಳಿದ್ದಾರೆ. ನಮ್ಮ ಮನೆಯಲ್ಲಿ ಮೊಟ್ಟೆ ಮೊದಲಿನಿಂದಲೂ ಬಳಕೆಯಲ್ಲಿಲ್ಲ, ಆದ್ದರಿಂದ ಅದರ ಚಿಂತೆಯಿಲ್ಲ. ಆದರೆ ಬಂದವರ ಕೈಗೆ ಪೇಢಾ ಕೊಟ್ಟು ಮಾತನಾಡಿಸುವ ಊರಿನಲ್ಲಿ ಹಾಲು, ಬೆಣ್ಣೆ, ತುಪ್ಪಗಳನ್ನು ಬಿಟ್ಟು ಸಿಹಿ ತಿನಿಸು ಮಾಡುವುದು ನಮಗೆ ರೂಢಿಯಿಲ್ಲದ ಕೆಲಸ. ಕಳೆದ ವರ್ಷ ಒಂದು ಬೇಕರಿಯಿಂದ ‘ಎಗ್‌ಲೆಸ್’ ಎಂದು ಬರೆದಿದ್ದ ಕೇಕನ್ನು, ಅದರಲ್ಲಿ ಹಾಲು ಇಲ್ಲವೆಂಬ ಅಂಗಡಿಯವರ ಮಾತನ್ನು ನಂಬಿ ತಂದೆವು. ಎರಡು ತುತ್ತು ತಿನ್ನುವಷ್ಟರಲ್ಲಿ ಮಗುವಿನ ತುಟಿಯ ಸುತ್ತ, ಕುತ್ತಿಗೆಯ ಮೇಲೆ ಕೆಂಪು ದದ್ದುಗಳೆದ್ದವು. ಅಂದಿನಿಂದ ಯಾರ ಮನೆಯ ಹುಟ್ಟುಹಬ್ಬಕ್ಕೆ ಹೋದರೂ ಅವಳು ತನ್ನ ಡಬ್ಬಿಯಲ್ಲಿ ತಂದ ಚುರುಮುರಿಯನ್ನು ತಿನ್ನುತ್ತ ಒಂದು ಕಡೆ ಕೂರುತ್ತಾಳೆ. ಮುಂದಿನ ತಿಂಗಳು ಅವಳ ಹುಟ್ಟುಹಬ್ಬ ನಮ್ಮ ಮನೆಯಲ್ಲಿದೆ. ಅಂದು ಬಂದ ಮಕ್ಕಳೆಲ್ಲರೂ ಅವಳೊಡನೆ ಒಂದೇ ತಟ್ಟೆಯಿಂದ ಎತ್ತಿಕೊಂಡು ತಿನ್ನುವಂತಹ ಹಣ್ಣಿನ ಮಫಿನ್‌ಗಳನ್ನು ನಾನೇ ಮಾಡಬೇಕೆಂದು ನಿಶ್ಚಯಿಸಿದ್ದೇನೆ.

ಈಗಾಗಲೇ ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಕೆಟ್ಟಿತು. ಎರಡು ವಾಟಿ ಗೋಧಿ ಹಿಟ್ಟು, ಒಂದು ವಾಟಿ ಜೋಳದ ಹಿಟ್ಟು, ಚೆನ್ನಾಗಿ ಕಳಿತ ಆರು ಯಾಲಕ್ಕಿ ಬಾಳೆಹಣ್ಣು, ಅರ್ಧ ವಾಟಿ ಪಪ್ಪಾಯಿ ಹೋಳು, ಅರ್ಧ ವಾಟಿ ನೀರಿನಲ್ಲಿ ಕರಗಿಸಿದ ಒಂದು ವಾಟಿ ಬೆಲ್ಲ, ಒಂದು ವಾಟಿ ಸೋಯಾ ಹಾಲು, ಅರ್ಧ ವಾಟಿ ಶೇಂಗಾ ಎಣ್ಣೆ ಮತ್ತು ಒಂದು ಸಣ್ಣ ಚಮಚ ಅಡುಗೆ ಸೋಡಾ ನಾನು ಬಳಸಿದ ಸಾಮಗ್ರಿ. ಎಲ್ಲವನ್ನೂ ಕೈಮಿಕ್ಸರ್‌ನಿಂದ ಐದು ನಿಮಿಷ ತಿರುವಿ, 180 ಡಿಗ್ರಿಯಲ್ಲಿ 25 ನಿಮಿಷ ಓಟಿಜಿಯಲ್ಲಿ, ಎಂದರೆ ಕರೆಂಟ್ ಒಲೆಯಲ್ಲಿ, ಇಟ್ಟೆ. ಕೊನೆಯ ಸಲ ಹಿಟ್ಟು ಕಲಸಿದ ಮೇಲೆ ಕರೆಂಟ್ ಹೋಗಿ ಅರ್ಧ ಗಂಟೆ ಕಾಯಬೇಕಾಯಿತು. ಮಫಿನ್‌ಗಳು ಮೊದಲು ಸೊಗಸಾಗಿ ಉಬ್ಬುತ್ತವೆ. ಹತ್ತನೆಯ ನಿಮಿಷಕ್ಕೆ ಬಾಗಿಲು ತೆರೆದು ನೋಡಿ ಸಂತೋಷಪಟ್ಟಿದ್ದೆ. ಹೊರಗೆ ತೆಗೆಯುವ ಹೊತ್ತಿಗೆ ನಡುಭಾಗ ಹೊಂಡದಂತೆ ಇಳಿದಿತ್ತು. ಮುರಿದು ನೋಡಿದರೆ ಮೇಲಿನ ಅರ್ಧ ಹದವಾಗಿ ಬೆಂದಿರುತ್ತದೆ, ತಳದಲ್ಲಿ ಮಾತ್ರ ಕಿರುಬೆರಳಿನ ದಪ್ಪಕ್ಕೆ ಅರೆಬೆಂದ ಕಡುಬಿನಂತೆ ಹೊಳೆಯುವ ಅಂಟಾದ ಪದರ. ನಾಲಿಗೆಯ ಮೇಲೆ ಸ್ವಲ್ಪ ಸಾಬೂನಿನಂತಹ ರುಚಿಯೂ ಉಳಿಯುತ್ತದೆ. ಮೊಟ್ಟೆ ಇಲ್ಲದಿರುವುದರಿಂದಲೇ ಹೀಗಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಅದು ನಿಜವೇ? ನನ್ನ ತಪ್ಪು ಎಲ್ಲಿದೆ ಎಂಬುದನ್ನು ದಯವಿಟ್ಟು ಬಿಡಿಸಿ ಹೇಳಿರಿ.

ಉತ್ತರ 1: ಭಟ್ಟಿಯ ಮುಂದೆ ಇಪ್ಪತ್ತು ವರ್ಷ, ಹಳೇ ಹುಬ್ಬಳ್ಳಿ

ಅಕ್ಕಾರೇ, ಮೊಟ್ಟೆ ಇಲ್ಲದಿರುವುದು ಇದಕ್ಕೆ ಕಾರಣವಲ್ಲ. ನೀವು ಬರೆದ ಸಾಮಗ್ರಿಯನ್ನು ಓದುತ್ತಿದ್ದಂತೆಯೇ ನನಗೆ ಕಂಡದ್ದು ನೀರು. ಬಾಳೆಹಣ್ಣಿನಲ್ಲಿ ನೂರಕ್ಕೆ ಸುಮಾರು 75 ಪಾಲು, ಪಪ್ಪಾಯಿಯಲ್ಲಿ ಸುಮಾರು 88 ಪಾಲು ನೀರೇ ಇರುತ್ತದೆ. ಅದರ ಮೇಲೆ ಬೆಲ್ಲದ ನೀರು, ಅದರ ಮೇಲೆ ಒಂದು ವಾಟಿ ಸೋಯಾ ಹಾಲು. ಮೊಟ್ಟೆ ಹಾಕಿದ ಹಿಟ್ಟಿನಲ್ಲಿ ಕಾವಿಗೆ ಮೊಟ್ಟೆಯೇ ಗಟ್ಟಿಯಾಗಿ ಉಬ್ಬನ್ನು ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಿರುವಾಗ ಆ ಕೆಲಸವನ್ನು ಗೋಧಿಯ ಅಂಟು (ಗ್ಲುಟೆನ್) ಮತ್ತು ಬೆಂದ ಪಿಷ್ಟ ಇವೆರಡೇ ಮಾಡಬೇಕು. ನೀರು, ಸಿಹಿ ಎರಡೂ ಮಿತಿ ಮೀರಿದರೆ ಪಿಷ್ಟ ಬೆಂದು ಗಟ್ಟಿಯಾಗುವ ಮೊದಲೇ ಒಳಗಿನ ಗಾಳಿ ಹೊರಟುಹೋಗುತ್ತದೆ, ನಡುಭಾಗ ಕುಳಿತುಬಿಡುತ್ತದೆ, ಭಾರವಾದ ತೇವವೆಲ್ಲ ತಳಕ್ಕಿಳಿಯುತ್ತದೆ. ಜೋಳದ ಹಿಟ್ಟಿನಲ್ಲಿ ಅಂಟು ಇಲ್ಲವೇ ಇಲ್ಲ. ನೀವು ಮೂರರಲ್ಲಿ ಒಂದು ಪಾಲು ಅದನ್ನೇ ಹಾಕಿದ್ದರಿಂದ ಇದ್ದ ಆಧಾರವೂ ಕಡಿಮೆಯಾಯಿತು.

ಎರಡನೆಯದು ಸೋಡಾ. ಅಡುಗೆ ಸೋಡಾ ಹುಳಿ ಪದಾರ್ಥ ಮತ್ತು ನೀರು ತಾಗಿದ ಕ್ಷಣದಿಂದಲೇ ಗಾಳಿಯನ್ನು ಬಿಡತೊಡಗುತ್ತದೆ, ಒಲೆಗೆ ಹೋಗುವವರೆಗೆ ಅದು ಕಾಯುವುದಿಲ್ಲ. ಕರೆಂಟ್ ಇಲ್ಲದ ಆ ಅರ್ಧ ಗಂಟೆಯಲ್ಲಿ ನಿಮ್ಮ ಹಿಟ್ಟಿನ ಬಲದ ಬಹುಪಾಲು ಪಾತ್ರೆಯಲ್ಲಿಯೇ ಕಳೆದುಹೋಗಿದೆ. ಇನ್ನು ಒಂದು ಪೂರ್ತಿ ಚಮಚ ಸೋಡಾಕ್ಕೆ ಸಾಕಾಗುವಷ್ಟು ಹುಳಿ ನಿಮ್ಮ ಹಿಟ್ಟಿನಲ್ಲಿ ಇರಲಿಲ್ಲ; ಮಿಕ್ಕ ಸೋಡಾ ಹಾಗೆಯೇ ಉಳಿದು ಸಾಬೂನಿನ ರುಚಿಯನ್ನು ಕೊಟ್ಟಿತು. ಬೇಕಿಂಗ್ ಪೌಡರ್‌ನಲ್ಲಿ ಸೋಡಾದೊಡನೆ ಹುಳಿಯೂ ಒಣಗಿದ ರೂಪದಲ್ಲಿ ಸೇರಿರುತ್ತದೆ. ಎರಡು ಹಂತದಲ್ಲಿ ಕೆಲಸ ಮಾಡುವ ಪೌಡರ್ ಆಗಿದ್ದರೆ ಕಾವು ತಗುಲಿದ ಮೇಲೆ ಇನ್ನೊಮ್ಮೆ ಗಾಳಿ ಬಿಡುತ್ತದೆ. ಆದ್ದರಿಂದ ಪೌಡರ್ ಮುಖ್ಯವಾಗಿರಲಿ, ಸೋಡಾ ಅದಕ್ಕೆ ಜೊತೆಯಾಗಿರಲಿ.

ಮೊಟ್ಟೆಯ ಬದಲು ಏನು ಎಂದು ಕೇಳಿದರೆ, ಅದು ನಮ್ಮ ಭಾಗದ ಪ್ರತಿ ಮನೆಯಲ್ಲಿಯೂ ಇದೆ. ಅಗಸಿ. ಒಂದು ದೊಡ್ಡ ಚಮಚ ಅಗಸಿಯ ಪುಡಿಯನ್ನು ಮೂರು ದೊಡ್ಡ ಚಮಚ ನೀರಿನಲ್ಲಿ ಕಲಸಿ ಹದಿನೈದು ನಿಮಿಷ ಬಿಟ್ಟರೆ, ಸೌಟಿನಿಂದ ಎತ್ತಿದಾಗ ಎಳೆಯಾಗಿ ಇಳಿಯುವ ಲೋಳೆಯಾಗುತ್ತದೆ. ಆ ಲೋಳೆ ಬೀಜದ ಹೊರ ಸಿಪ್ಪೆಯಲ್ಲಿರುತ್ತದೆ, ಆದ್ದರಿಂದ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಬೇಕು. ಹುರಿಯದ ಹಸಿ ಬೀಜವನ್ನೇ ತೆಗೆದುಕೊಳ್ಳಿರಿ. ಡಬ್ಬಿಯಲ್ಲಿರುವ ಅಗಸಿ ಹಿಂಡಿಯನ್ನು (ಚಟ್ನಿ ಪುಡಿಯನ್ನು) ಮುಟ್ಟಬೇಡಿರಿ, ಅದರಲ್ಲಿ ಖಾರ, ಬೆಳ್ಳುಳ್ಳಿ ಎರಡೂ ಸೇರಿರುತ್ತವೆ. ಬಾಳೆಹಣ್ಣನ್ನೇ ಮೊಟ್ಟೆಯ ಬದಲು ಎಂದು ಹಲವರು ಹೇಳುತ್ತಾರೆ. ಅದು ಮೆತ್ತಗಿನ ಹದವನ್ನು ಕೊಡುತ್ತದೆ ನಿಜ, ಆದರೆ ಮೊಟ್ಟೆಯಂತೆ ಗಟ್ಟಿಯಾಗಿ ಉಬ್ಬನ್ನು ಹಿಡಿಯುವುದಿಲ್ಲ. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ತಿಳಿದವರ ಮಫಿನ್ ನಿಮ್ಮದರಂತೆಯೇ ಆಗುತ್ತದೆ.

ನಾನು ಮನೆಯಲ್ಲಿ ಮಾಡುವ ಅಳತೆಯನ್ನು ಬರೆಯುತ್ತೇನೆ. 120 ಗ್ರಾಂ ಮೈದಾ, 80 ಗ್ರಾಂ ಗೋಧಿ ಹಿಟ್ಟು, ಒಂದೂವರೆ ಸಣ್ಣ ಚಮಚ ಬೇಕಿಂಗ್ ಪೌಡರ್, ಕಾಲು ಸಣ್ಣ ಚಮಚ ಸೋಡಾ, ಕಾಲು ಸಣ್ಣ ಚಮಚ ಉಪ್ಪು, ಇವಿಷ್ಟನ್ನೂ ಎರಡು ಸಲ ಸಾಣಿಗೆ ಹಿಡಿಯಿರಿ. ಬೇರೆ ಪಾತ್ರೆಯಲ್ಲಿ 80 ಮಿಲಿ ಸೋಯಾ ಹಾಲಿಗೆ ಎರಡು ಸಣ್ಣ ಚಮಚ ಲಿಂಬೆರಸ ಹಿಂಡಿ ಐದು ನಿಮಿಷ ಬಿಟ್ಟರೆ ಅದು ಒಡೆದು ಮಜ್ಜಿಗೆಯಂತೆ ದಪ್ಪಗಾಗುತ್ತದೆ. ಆ ಹಾಲಿನಲ್ಲಿಯೇ ತುರಿದ 110 ಗ್ರಾಂ ಬೆಲ್ಲವನ್ನು ಕರಗಿಸಿರಿ, ಬೇರೆ ನೀರು ಬೇಡ. ಅದಕ್ಕೆ 60 ಮಿಲಿ ಎಣ್ಣೆ, ಅಗಸಿಯ ಲೋಳೆ, ಸಿಪ್ಪೆ ತೆಗೆದು ತೂಗಿದ 200 ಗ್ರಾಂ ಬಾಳೆಹಣ್ಣನ್ನು ಕಿವುಚಿ ಸೇರಿಸಿರಿ. ಕುಸುಬಿ ಎಣ್ಣೆಯಾಗಲಿ, ಗಾಣದ ಶೇಂಗಾ ಎಣ್ಣೆಯಾಗಲಿ ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಇದಕ್ಕೆ ತಕ್ಕದ್ದು.

ಒಣ ಹಿಟ್ಟನ್ನು ಹಸಿಯದಕ್ಕೆ ಸುರಿದ ಮೇಲೆ ಮಿಕ್ಸರನ್ನು ದೂರವಿಡಿರಿ. ಚಪ್ಪಟೆ ಸೌಟಿನಿಂದ ತಳದಿಂದ ಮೇಲಕ್ಕೆ ಹದಿನೈದು ಸಲ ಮಗುಚಿದರೆ ಸಾಕು. ಅಲ್ಲಲ್ಲಿ ಸಾಸಿವೆಯಷ್ಟು ಗಂಟು ಕಂಡರೂ ಹಾಗೆಯೇ ಬಿಡಿರಿ, ಬೇಯುವಾಗ ಅವು ತಾವಾಗಿಯೇ ಕರಗುತ್ತವೆ. ಹೆಚ್ಚು ತಿರುವಿದರೆ ಗೋಧಿಯ ಅಂಟು ಎಳೆದುಕೊಂಡು ಮಫಿನ್ ರಬ್ಬರಿನಂತಾಗುತ್ತದೆ, ಮುರಿದಾಗ ಒಳಗೆ ಇರುವೆ ಕೊರೆದಂತಹ ಉದ್ದನೆಯ ತೂತುಗಳು ಕಾಣುತ್ತವೆ. ಸೌಟನ್ನು ಎತ್ತಿದಾಗ ಹಿಟ್ಟು ದೋಸೆ ಹಿಟ್ಟಿನಂತೆ ಹರಿಯಬಾರದು, ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ದಪ್ಪನೆ ಬೀಳಬೇಕು. ಇದರಿಂದ ಹತ್ತು ಮಫಿನ್‌ಗಳಾಗುತ್ತವೆ.

ಉತ್ತರ 2: ಬೆಟಗೇರಿಯಿಂದ

ಹುಬ್ಬಳ್ಳಿಯ ಅಣ್ಣಾರು ಹೇಳಿದ ಮಾತಿಗೆ ಒಲೆಯ ವಿಷಯವನ್ನಷ್ಟೇ ಸೇರಿಸುತ್ತೇನೆ. ಹಿಟ್ಟು ಕಲಸುವ ಮೊದಲೇ ಓಟಿಜಿಯನ್ನು 200 ಡಿಗ್ರಿಗೆ ಇಟ್ಟು ಹದಿನೈದು ನಿಮಿಷ ಕಾಯಿಸಿರಿ. ಮೊದಲ ಏಳು ನಿಮಿಷ ಅದೇ ಕಾವಿನಲ್ಲಿ ಬೆಂದರೆ ಮೇಲ್ಭಾಗ ಗೋಪುರದಂತೆ ಏಳುತ್ತದೆ. ಅನಂತರ 180ಕ್ಕೆ ಇಳಿಸಿ ಹದಿಮೂರರಿಂದ ಹದಿನೈದು ನಿಮಿಷ ಬೇಯಿಸಿರಿ. ಮೊದಲ ಹದಿನೈದು ನಿಮಿಷ ಬಾಗಿಲನ್ನು ತೆರೆಯಲೇಬಾರದು, ಏಕೆಂದರೆ ಆಗ ಒಳಗಿನ ಕಾವು ಥಟ್ಟನೆ ಇಳಿದು ಇನ್ನೂ ಗಟ್ಟಿಯಾಗದ ನಡುಭಾಗ ಕುಸಿಯುತ್ತದೆ. ಮನೆಯ ಓಟಿಜಿಗಳಲ್ಲಿ ಗುಂಡಿಯ ಮೇಲಿನ ಅಂಕಿಗೂ ಒಳಗಿನ ಕಾವಿಗೂ ಎಷ್ಟೋ ಸಲ ಹೊಂದಿಕೆಯಿರುವುದಿಲ್ಲ. ಒಳಗೆ ತೂಗುಹಾಕುವ ಥರ್ಮಾಮೀಟರ್ ಒಂದನ್ನು ಕೊಂಡ ಮೇಲೆ ನಮ್ಮದು 20 ಡಿಗ್ರಿ ಕಡಿಮೆ ಕಾಯುತ್ತಿತ್ತೆಂದು ನನಗೆ ತಿಳಿಯಿತು.

ವಾಟಿಯ ಅಳತೆಯನ್ನು ಈ ಕೆಲಸಕ್ಕೆ ನಂಬಬೇಡಿರಿ. ಒಂದು ಮನೆಯ ವಾಟಿ ಇನ್ನೊಂದು ಮನೆಯ ವಾಟಿಯಂತಿರುವುದಿಲ್ಲ. ಒಂದೇ ವಾಟಿಯಲ್ಲಿಯೂ ಒತ್ತಿ ತುಂಬಿದ ಹಿಟ್ಟಿನ ತೂಕ ಬೇರೆ, ಸಡಿಲವಾಗಿ ತುಂಬಿದ ಹಿಟ್ಟಿನ ತೂಕ ಬೇರೆ. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಬಿಸಿ ನೀರಿಗೆ ಒಂದು ಚಿಟಿಕೆ ಹಾಕಿ ನೋಡಿರಿ, ಜೋರಾಗಿ ನೊರೆ ಬಾರದಿದ್ದರೆ ಅದನ್ನು ಚೆಲ್ಲಿಬಿಡಿರಿ.

ಕರೆಂಟ್ ಕೈಕೊಡುವ ದಿನಕ್ಕೆ ದಪ್ಪ ತಳದ ಹಳೆಯ ಪಾತೇಲಿಯಲ್ಲಿ ಎರಡು ಬೆರಳು ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಬಿಗಿಯಾಗಿ ಮುಚ್ಚಿ ಹತ್ತು ನಿಮಿಷ ಕಾಯಿಸಿ, ಅನಂತರ ಅಚ್ಚುಗಳನ್ನು ಇಟ್ಟು ಮಧ್ಯಮ ಉರಿಯಲ್ಲಿ 25ರಿಂದ 30 ನಿಮಿಷ ಬೇಯಿಸಬಹುದು. ಮೇಲ್ಭಾಗ ಕೆಂಪಗಾಗುವುದಿಲ್ಲ, ಉಳಿದಂತೆ ರುಚಿಗೆ ಕೊರತೆಯಿಲ್ಲ.

ಉತ್ತರ 3: ಪೇರಲ ತೋಟದವರು, ನವಲೂರು

ಅಕ್ಕಾರೇ, ನಮ್ಮದು ಹಣ್ಣು ಬೆಳೆಯುವ ಮನೆ. ಹೀಗಾಗಿ ಹಣ್ಣಿನ ವಿಷಯದಲ್ಲಿ ಸ್ವಲ್ಪ ಉದ್ದವಾಗಿ ಬರೆದರೆ ತಾಳ್ಮೆಯಿಂದ ಓದಬೇಕು. ಪಪ್ಪಾಯಿಯನ್ನು ಈ ಕೆಲಸಕ್ಕೆ ನಾನು ಶಿಫಾರಸು ಮಾಡುವುದಿಲ್ಲ. ಅದರ ನೀರನ್ನು ಹಿಟ್ಟು ಹೀರುವುದಿಲ್ಲ, ಬೆಂದ ಮೇಲೆ ಪರಿಮಳವೂ ಉಳಿಯುವುದಿಲ್ಲ. ನಮ್ಮ ಪೇರಲ ಹಣ್ಣು ಅದಕ್ಕಿಂತ ಎಷ್ಟೋ ಮೇಲು, ಆದರೆ ಅದರ ಬೀಜ ಬೆಂದರೂ ಮೆತ್ತಗಾಗದೆ ಮಕ್ಕಳ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಚೆನ್ನಾಗಿ ಕಳಿತ ನಾಲ್ಕು ಹಣ್ಣುಗಳನ್ನು ಹೋಳು ಮಾಡಿ, ಸ್ವಲ್ಪವೇ ನೀರು ಚಿಮುಕಿಸಿ ಮುಚ್ಚಿ ಬೇಯಿಸಿ, ಸಾಣಿಗೆಯ ಮೇಲೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ಉಜ್ಜಿದರೆ ತಿರುಳು ಕೆಳಗಿಳಿದು ಬೀಜ ಮೇಲೆ ಉಳಿಯುತ್ತದೆ. ಆ ತಿರುಳನ್ನು ಮತ್ತೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತ ಹೋಗಬೇಕು. ಸೌಟು ಎಳೆದ ದಾರಿಯಲ್ಲಿ ಬಾಣಲೆಯ ತಳ ಕಂಡು, ತಿರುಳು ಮೆಲ್ಲಗೆ ಬಂದು ಕೂಡಿಕೊಳ್ಳುವ ಹದಕ್ಕೆ ಇಳಿಸಿರಿ. ಪೂರ್ತಿ ಆರಿದ ಮೇಲೆ ಇದರ 120 ಗ್ರಾಂ ಮತ್ತು ಬಾಳೆಹಣ್ಣು 80 ಗ್ರಾಂ ಸೇರಿಸಿದರೆ ಮೇಲಿನ ಅಳತೆಗೆ ಸರಿಹೊಂದುತ್ತದೆ. ಮಫಿನ್ ಬೇಯುವಾಗ ಬರುವ ಆ ಪರಿಮಳಕ್ಕೆ ಮನೆಯವರೆಲ್ಲ ಅಡುಗೆಮನೆಗೆ ಬಂದು ನಿಲ್ಲುತ್ತಾರೆ.

ಮಾವಿನ ಕಾಲದಲ್ಲಿ ಕೆಲಗೇರಿಯ ಕಡೆಯಿಂದ ಬರುವ ಆಪೂಸು ಇದಕ್ಕೆ ಹೇಳಿ ಮಾಡಿಸಿದಂತಹದು. ನಾರಿಲ್ಲದ ದಪ್ಪ ತಿರುಳು, ಬತ್ತಿಸುವ ಕೆಲಸವೂ ಇಲ್ಲ. ರಸದ ಮಾವು ಮಾತ್ರ ಬೇಡ. ಚಿಕ್ಕು ಹಣ್ಣಿಗೆ ಬೆಲ್ಲ ಚೆನ್ನಾಗಿ ಕೂಡುತ್ತದೆ, ಆದರೆ ಸಿಹಿಯನ್ನು 80 ಗ್ರಾಂಗೆ ಇಳಿಸಬೇಕು. ಹಣ್ಣಿನ ಹೋಳುಗಳನ್ನು ಹಾಕುವುದಿದ್ದರೆ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ, ಒಣ ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿರಿ. ಪ್ರತಿ ಕಪ್ಪಿನ ತಳಕ್ಕೆ ಮೊದಲು ಒಂದು ಚಮಚ ಬರಿಯ ಹಿಟ್ಟನ್ನು ಹಾಕಿ, ಅದರ ಮೇಲೆ ಹೋಳು ಬೆರೆಸಿದ ಹಿಟ್ಟನ್ನು ತುಂಬಿದರೆ ಹೋಳುಗಳು ಕೆಳಗೆ ಹೋಗಿ ಅಂಟುವುದಿಲ್ಲ. ಬೇಸಿಗೆ, ಮಳೆಗಾಲ ಎನ್ನದೆ ಸಿಗುವ ವಿಜಯಪುರದ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಿಂಡಿ ಹಾಕಬಹುದು. ನೆನೆಸದಿದ್ದರೆ ಅದು ಹಿಟ್ಟಿನ ತೇವವನ್ನೇ ಹೀರಿಕೊಳ್ಳುತ್ತದೆ.

ನೇರಳೆ ಹಣ್ಣಿನ ವಿಷಯದಲ್ಲಿ ನನಗಾದ ಅನುಭವವನ್ನು ಹೇಳಲೇಬೇಕು. ಒಂದು ವರ್ಷ ಮಳೆಗಾಲದ ಆರಂಭದಲ್ಲಿ ಮೊಮ್ಮಕ್ಕಳಿಗೆಂದು ನೇರಳೆಯ ತಿರುಳನ್ನು ಹಾಕಿ ಮಾಡಿದೆ. ಹಿಟ್ಟು ಕಲಸುವಾಗ ಸುಂದರವಾದ ಕೆಂಪು ನೇರಳೆ ಬಣ್ಣವಿತ್ತು, ಬೆಂದು ಹೊರಬಂದಾಗ ಬೂದಿ ಬೆರೆತ ಹಸಿರುನೀಲಿಯಾಗಿ ಮಕ್ಕಳು ಮುಟ್ಟಲಿಲ್ಲ. ಆ ಹಣ್ಣಿನ ಬಣ್ಣ ಹುಳಿಯಲ್ಲಿ ಕೆಂಪಾಗಿಯೂ ಸೋಡಾದಲ್ಲಿ ನೀಲಿ, ಹಸಿರಾಗಿಯೂ ತಿರುಗುತ್ತದೆ. ಸೋಡಾವನ್ನು ಪೂರ್ತಿ ಬಿಟ್ಟು ಬೇಕಿಂಗ್ ಪೌಡರ್ ಮಾತ್ರ ಹಾಕಿ, ಲಿಂಬೆರಸವನ್ನು ಒಂದು ಚಮಚ ಹೆಚ್ಚಿಸಿದ ಮೇಲೆ ಬಣ್ಣ ನಿಂತಿತು. ಮಕ್ಕಳ ಹಬ್ಬಕ್ಕೆ ಮೊದಲೇ ತಿಳಿದಿರಲಿ ಎಂದು ಬರೆದೆ.

ಮೈದಾ ಬೇಡವೆನ್ನುವವರು ಜವೆ ಗೋಧಿ ಎಂಬ ಹಳೆಯ ಬಗೆಯ ಗೋಧಿಯ ಹಿಟ್ಟನ್ನು ಪ್ರಯತ್ನಿಸಬಹುದು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಡಿಡಿಕೆ 1025, ಡಿಡಿಕೆ 1029 ಎಂಬ ತಳಿಗಳನ್ನು ಇದರಲ್ಲಿಯೇ ಬಿಡುಗಡೆ ಮಾಡಿದ್ದಾರೆ. ಈ ಗೋಧಿಯ ಅಂಟು ಮೆದುವಾದದ್ದರಿಂದ ಮಫಿನ್ ಬಿರುಸಾಗುವುದಿಲ್ಲ, ಆದರೆ ಪೂರ್ತಿ ಅದನ್ನೇ ಹಾಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಅರ್ಧಕ್ಕೆ ಅರ್ಧ ಬೆರೆಸುವುದು ನನ್ನ ಪದ್ಧತಿ.

ಉತ್ತರ 4: ಹಾವೇರಿಯ ತಾಯಿ

ನನ್ನ ಮಗನಿಗೂ ಹಾಲಿನ ಅಲರ್ಜಿ ಇರುವುದರಿಂದ, ಉಬ್ಬುವುದು ಕುಸಿಯುವುದಕ್ಕಿಂತ ಮುಂಚಿನ ಮಾತೊಂದನ್ನು ಹೇಳಬೇಕೆನಿಸಿತು. ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂಬುದನ್ನಷ್ಟೇ ತಿಳಿಸುತ್ತದೆ; ಹಾಲು, ಹಾಲಿನ ಪುಡಿ ಎಲ್ಲವೂ ಆ ಚುಕ್ಕೆಯೊಳಗೆ ಸೇರುತ್ತವೆ. ‘ಎಗ್‌ಲೆಸ್’ ಎಂಬ ಕೇಕಿನಲ್ಲಿ ಮೊಟ್ಟೆಯ ಬದಲು ಮಂದಗೊಳಿಸಿದ ಹಾಲು ಅಥವಾ ಮೊಸರು ಇರುವುದೇ ಸಾಮಾನ್ಯ. ಹಾಲೂ ಸೇರಿ ಪ್ರಾಣಿಮೂಲದ ಯಾವುದೂ ಇಲ್ಲದ ವೀಗನ್ ಆಹಾರಕ್ಕೆ 2022ರ ನಿಯಮಗಳ ಪ್ರಕಾರ ಬೇರೆಯದೇ ಗುರುತು ಇದೆ. ಆದರೂ ಅಲರ್ಜಿಯ ಮಕ್ಕಳಿರುವ ಮನೆಯವರು ಆ ಗುರುತನ್ನು ನೋಡಿ ನಿಲ್ಲಬಾರದು, ಪದಾರ್ಥಗಳ ಪಟ್ಟಿಯ ಕೆಳಗೆ ಅಲರ್ಜಿಕಾರಕಗಳನ್ನು ಸೂಚಿಸುವ ಸಾಲನ್ನು ಓದಲೇಬೇಕು. ಅಲ್ಲಿ ಹಾಲು ಎಂದಿದ್ದರೆ, ಅಥವಾ ಹಾಲಿನ ಅಂಶ ಇರಬಹುದು ಎಂದಿದ್ದರೂ, ನಾನು ಆ ಪ್ಯಾಕೆಟ್ಟನ್ನು ತಿರುಗಿ ಇಟ್ಟುಬಿಡುತ್ತೇನೆ. ಮಾರ್ಗರೀನ್ ಮತ್ತು ಚಾಕೊಲೇಟ್‌ಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು.

ಹಾಲಿನ ಸಕ್ಕರೆ ಜೀರ್ಣವಾಗದಿರುವುದು ಬೇರೆ, ಹಾಲಿನ ಪ್ರೋಟೀನಿನ ಅಲರ್ಜಿ ಬೇರೆ. ಮೊದಲನೆಯದರಲ್ಲಿ ಹೊಟ್ಟೆ ಕೆಡುತ್ತದೆ. ಎರಡನೆಯದರಲ್ಲಿ ಉಸಿರಿಗೇ ತೊಂದರೆಯಾಗಬಹುದು. ಹಿರಿಯರು ಪ್ರೀತಿಯಿಂದ “ಒಂದು ಚಮಚ ತುಪ್ಪದಿಂದ ಏನಾಗುತ್ತದೆ” ಎನ್ನುತ್ತಾರೆ, ಆದರೆ ತುಪ್ಪದಲ್ಲಿಯೂ ಪ್ರೋಟೀನಿನ ಅಂಶ ಉಳಿದಿರಬಹುದು. ಎಮ್ಮೆಯ ಹಾಲು, ಆಡಿನ ಹಾಲು ಕೂಡ ಇದಕ್ಕೆ ಪರಿಹಾರವಲ್ಲ. ಅಚ್ಚಿಗೆ ಮೊದಲು ಬೆಣ್ಣೆ ಸವರುತ್ತಿದ್ದ ಬ್ರಷ್ ಇದ್ದರೆ ಹೊಸದನ್ನು ತನ್ನಿರಿ, ಅಚ್ಚುಗಳನ್ನು ಸಾಬೂನು ಹಚ್ಚಿ ಬಿಸಿನೀರಿನಲ್ಲಿ ತೊಳೆದು ಪೇಪರ್ ಕಪ್ ಹಾಕಿರಿ. ಹುಟ್ಟುಹಬ್ಬಕ್ಕೆ ಬರುವ ಬೇರೆ ಮಕ್ಕಳಿಗೆ ಶೇಂಗಾ ಅಥವಾ ಸೋಯಾ ಆಗಿಬರುತ್ತದೆಯೇ ಎಂದು ಅವರ ತಾಯಂದಿರನ್ನು ಮೊದಲೇ ಕೇಳಿಕೊಳ್ಳಿರಿ. ನಿಮ್ಮ ತಂಗಿಯ ಮಗಳಿಗೂ ಅಗಸಿ, ಸೋಯಾ ಹೊಸದಾಗಿದ್ದರೆ ಹಬ್ಬದ ದಿನವೇ ಮೊದಲ ಬಾರಿ ಕೊಡುವುದು ಬೇಡ. ವೈದ್ಯರಲ್ಲಿ ಒಂದು ಮಾತು ಕೇಳಿರಿ.

ಪ್ರಶ್ನೆ ಕೇಳಿದವರು: ಮಾಳಮಡ್ಡಿಯ ಅಡುಗೆಮನೆ, ಧಾರವಾಡ

ನಿಮ್ಮೆಲ್ಲರಿಗೂ ನಾನು ಋಣಿಯಾಗಿದ್ದೇನೆ. ತಕ್ಕಡಿ ತಂದೆ, ಹೊಸ ಬೇಕಿಂಗ್ ಪೌಡರ್ ತಂದೆ, ಅಗಸಿ ಮತ್ತು ಸೋಯಾ ಎರಡನ್ನೂ ಮಗು ಈಗಾಗಲೇ ತಿನ್ನುತ್ತಿದೆ ಎಂದು ತಂಗಿಯಿಂದ ಖಚಿತ ಮಾಡಿಕೊಂಡೆ. ನಿನ್ನೆ ಬೆಳಿಗ್ಗೆ ಹಳೇ ಹುಬ್ಬಳ್ಳಿಯ ಅಣ್ಣಾರ ಅಳತೆಯಲ್ಲಿ ಒಂದು ಗ್ರಾಂ ಆಚೀಚೆ ಮಾಡದೆ ಬಾಳೆಹಣ್ಣಿನ ಮಫಿನ್ ಮಾಡಿದೆ. ಹದಿನೈದು ಸಲ ಮಗುಚಿ ಕೈ ನಿಲ್ಲಿಸುವುದು ನನಗೆ ಬಹಳ ಕಷ್ಟವಾಯಿತು, ಗಂಟು ಕಂಡರೆ ಒಡೆಯುವ ಕೈ ನನ್ನದು. ಬಾಗಿಲನ್ನು ತೆರೆಯದೆ ಗಾಜಿನೊಳಗಿಂದಲೇ ನೋಡುತ್ತ ಕುಳಿತೆ. ಹತ್ತಕ್ಕೆ ಹತ್ತೂ ಎದ್ದವು, ಎದ್ದವು ಹಾಗೆಯೇ ನಿಂತವು. ಮೇಲೆ ಎಳೆಯ ಬಿರುಕೊಂದು ಮೂಡಿ ಅದರೊಳಗೆ ತಿಳಿಕಂದು ಬಣ್ಣ ಕಾಣುತ್ತಿತ್ತು. ಮುರಿದರೆ ತಳದವರೆಗೂ ಒಂದೇ ಹದ. ಸಂಜೆ ಮಗು ಬಂದಾಗ ತಟ್ಟೆಯನ್ನು ಮುಂದಿಟ್ಟೆ. ಅವಳು ಎತ್ತಿಕೊಳ್ಳದೆ ಮೊದಲು ತನ್ನ ತಾಯಿಯ ಮುಖವನ್ನು ನೋಡಿದಳು, ತಾಯಿ ತಲೆಯಾಡಿಸಿದ ಮೇಲೆಯೇ ಕೈಚಾಚಿದಳು. ಎರಡು ತಿಂದಳು. ರಾತ್ರಿಯವರೆಗೂ ಒಂದು ದದ್ದೂ ಏಳಲಿಲ್ಲ.

ಇನ್ನೆರಡು ಸಂದೇಹಗಳು ಉಳಿದಿವೆ. ಅಚ್ಚಿನಲ್ಲಿಯೇ ಆರಲು ಬಿಟ್ಟ ನಾಲ್ಕು ಮಫಿನ್‌ಗಳ ಪೇಪರ್ ಕಪ್ ತಳದಲ್ಲಿ ಒದ್ದೆಯಾಯಿತು, ಇದೇಕೆ? ಎರಡನೆಯದಾಗಿ, ನಮ್ಮ ಮಾವನವರಿಗೆ ಜೋಳದ ಹಿಟ್ಟು ಒಂದಿಷ್ಟಾದರೂ ಇರಬೇಕೆಂಬ ಆಸೆ. ಎಷ್ಟು ಹಾಕಿದರೆ ಕೆಡುವುದಿಲ್ಲ? ಹಬ್ಬಕ್ಕೆ ಮೂವತ್ತು ಬೇಕು, ಹಿಂದಿನ ದಿನವೇ ಮಾಡಿಡಬಹುದೇ ಎಂಬುದನ್ನೂ ತಿಳಿಸಿರಿ.

ಉತ್ತರ 5: ಭಟ್ಟಿಯ ಮುಂದೆ ಇಪ್ಪತ್ತು ವರ್ಷ, ಹಳೇ ಹುಬ್ಬಳ್ಳಿ

ಮಗು ಎರಡು ತಿಂದದ್ದನ್ನು ಓದಿ ಮನಸ್ಸು ತುಂಬಿತು, ಅಕ್ಕಾರೇ. ಬಿಸಿ ಮಫಿನ್‌ನಿಂದ ಹೊರಡುವ ಹಬೆ ಅಚ್ಚಿನೊಳಗೆ ಸಿಕ್ಕಿಕೊಂಡು ತಳದಲ್ಲಿ ಬೆವರುತ್ತದೆ. ಹೊರಗೆ ತೆಗೆದ ಐದು ನಿಮಿಷಕ್ಕೆ ಅಚ್ಚಿನಿಂದ ಬಿಡಿಸಿ, ಕೆಳಗಿನಿಂದಲೂ ಗಾಳಿಯಾಡುವಂತೆ ಜಾಲರಿಯ ಮೇಲೆ ಇಡಿರಿ. ಜೋಳದ ಹಿಟ್ಟು 200 ಗ್ರಾಂನಲ್ಲಿ 40 ಗ್ರಾಂ ಮೀರದಿರಲಿ. ಗೋಧಿ ಹಿಟ್ಟಿನಲ್ಲಿ ಅಷ್ಟನ್ನು ಕಡಿಮೆ ಮಾಡಿ, ಮೈದಾವನ್ನು ಹಾಗೆಯೇ ಇಡಿರಿ. ಅದನ್ನು ಹೊಸದಾಗಿ ಬೀಸಿಸಿ ತಂದಿರಬೇಕು, ಹಳೆಯ ಜೋಳದ ಹಿಟ್ಟು ಕಹಿಯಾಗುತ್ತದೆ.

ಮೂವತ್ತನ್ನೂ ಒಂದೇ ಸಲ ಕಲಸಬೇಡಿರಿ. ಒಣ ಹಿಟ್ಟನ್ನು ಮೂರು ಡಬ್ಬಿಗಳಲ್ಲಿ ಹಿಂದಿನ ರಾತ್ರಿಯೇ ತೂಗಿಡಿರಿ. ಹಬ್ಬದ ದಿನ ಬೆಳಿಗ್ಗೆ ಒಂದು ಸುತ್ತು ಒಲೆಯಲ್ಲಿ ಬೇಯುವಾಗ ಇನ್ನೊಂದು ಸುತ್ತಿನ ಹಣ್ಣನ್ನು ಕಿವುಚಿಕೊಂಡು, ಒಲೆ ತೆರವಾದ ಮೇಲೆಯೇ ಹಸಿಯದನ್ನು ಒಣದಕ್ಕೆ ಕೂಡಿಸಿರಿ. ಹಿಂದಿನ ದಿನವೇ ಮಾಡಲೇಬೇಕಾದರೆ ಪೂರ್ತಿ ಆರಿದ ಮೇಲೆ ಮಾತ್ರ ಡಬ್ಬಿಯಲ್ಲಿ ಮುಚ್ಚಿ, ಕೆಳಗೊಂದು ಒಣ ಬಟ್ಟೆ ಹಾಸಿರಿ. ಮಳೆಗಾಲದಲ್ಲಿ ಹಣ್ಣಿನ ಮಫಿನ್ ಎರಡು ದಿನಕ್ಕಿಂತ ಹೆಚ್ಚು ಹೊರಗೆ ಉಳಿಯುವುದಿಲ್ಲ, ಬೂಷ್ಟು ಹಿಡಿಯುತ್ತದೆ.